ನೇಲ್ ಪಾಲಿಶ್ ರಿಮೂವರ್ ವಿಡಿಯೋ: ‘ಮನಿ ಮಂದಿ’ ಗುಂಪಿನ ಮಾತುಕತೆ

ಪಮ್ಮಿ (ಹಲವು ಸಲ ಫಾರ್ವರ್ಡ್ ಆಗಿರುವ ಸಂದೇಶ): ಹೊಲಿಗೆ ಮಾಡುವ ಎಲ್ಲ ತಾಯಂದಿರೇ, ಅಕ್ಕ ತಂಗಿಯರೇ, ತಪ್ಪದೆ ನೋಡಿ! ಸ್ಕೇಲು, ಕತ್ತರಿ, ರೋಟರಿ ಕಟರ್ (ಬಟ್ಟೆ ಕತ್ತರಿಸುವ ಉರುಳು ಬ್ಲೇಡ್), ಸೂಜಿ, ಇಸ್ತ್ರಿ ಪೆಟ್ಟಿಗೆ, ಯಾವುದಕ್ಕೆ ಗಮ್ ಅಂಟಿದ್ದರೂ ನೇಲ್ ಪಾಲಿಶ್ ರಿಮೂವರ್ ಒಂದೇ ಸಾಕು. 5 ಸೆಕೆಂಡಿನಲ್ಲಿ ಮಾಯ! ಕಂಪನಿಗಳು ಇದನ್ನು ನಿಮಗೆ ಹೇಳುವುದಿಲ್ಲ. ಕನಿಷ್ಠ 10 ಜನರಿಗೆ ಕಳಿಸಿ.

ಪಮ್ಮಿ: ನಾ ಮೊದಲಿಂದ ಹೇಳಾಕತ್ತೀನಿ. ಗಮ್ ತೆಗಿಯೂ ಬಾಟ್ಲಿ ಅಂತ ಸುಮ್ನ ರೊಕ್ಕಾ ಸುರೀತಾರ.

ಬಸಣ್ಣ: ಭಾರಿ ಐತಿ ಪಮ್ಮಿ.

ದೊಡ್ಡ ಕಾಕಾ: ಉತ್ತಮ ಮಾಹಿತಿ. ಎಲ್ಲರೂ ಅಳವಡಿಸಿಕೊಳ್ಳಬೇಕು.

ರವಿ: ಯಾರು ಮಾಡಿದ ವಿಡಿಯೋ ಇದು? ಮೂಲ ಎಲ್ಲೈತಿ?

ಪಮ್ಮಿ: ಬಂದ ನೋಡ್ರಿ ಮೂಲ ಕೇಳಾಂವ.

ರವಿ: ಪೂರ್ತಿ ನೋಡಿದವರು ಯಾರರ ಅದೀರೇನು? ಅದರಾಗ ಒರಸಿದ್ದು ಸ್ಟೀಲ್ ಪಟ್ಟಿ ಒಂದ. ಪ್ಲಾಸ್ಟಿಕ್ ಸ್ಕೇಲ್ ಬರೇ ಬಾಜೂಕ ಇಟ್ಟಾರ, ಅದಕ್ಕ ಹಚ್ಚಿದ್ದು ಎಲ್ಲೂ ತೋರಿಸಿಲ್ಲ.

ಬಸಣ್ಣ: ನಾ ನೋಡಿಲ್ಲ, ಓದೀನಿ ಅಷ್ಟ.

ಸುಧಾ ಅತ್ತಿ: ಪಮ್ಮಿ, ಪಾರದರ್ಶಕ ಸ್ಕೇಲಿಗೆ ಅದನ್ನ ಹಚ್ಚಬ್ಯಾಡ. ಅರಿವಿ ಪದರ ಕೂಡಿಸಿ ಹೊಲಿಯೂ ಕ್ವಿಲ್ಟಿಂಗಿಗೆ ತರ್ತೀವಲ್ಲ, 6 × 24 ಇಂಚಿಂದು, ಅದು ಅಕ್ರಿಲಿಕ್. ರಿಮೂವರಿನಾಗ ಅಸಿಟೋನ್ ಇರತೈತಿ, ಅದು ಗಮ್ ಜೋಡಿ ಸ್ಕೇಲಿನ ಮೈನೂ ಕರಗಸತೈತಿ. ಮೊದಲ ಮೈ ಬೆಳ್ಳಗ ಮಬ್ಬ ಆಗತೈತಿ, ಹಿಂದ ಗೆರಿ ಅಂಕಿ ಅಳಸಿ ಹೋಗತಾವ. ಒಮ್ಮೆ ಮಬ್ಬ ಆದ ಮ್ಯಾಲೆ ಎಷ್ಟ ತೊಳದ್ರೂ ಬರಂಗಿಲ್ಲ, ಯಾಕಂದ್ರ ಅದು ಹೊಲಸಲ್ಲ, ಮೈನ ಕೆಟ್ಟಿರತೈತಿ. ‘ಅಸಿಟೋನ್ ಇಲ್ಲ’ ಅಂತ ಬರದ ಬಾಟ್ಲಿನೂ ಬ್ಯಾಡ. ಅದರಾಗ ಹೆಚ್ಚಾಗಿ ಇಥೈಲ್ ಅಸಿಟೇಟ್ ಇರತೈತಿ, ಅದೂ ಅಕ್ರಿಲಿಕ್ ತಿಂತೈತಿ. ಪೇಂಟಿನ ಥಿನ್ನರ್ ಅಂತೂ ದೂರ ಇಡ್ರಿ.

ಪಮ್ಮಿ: ಒಂದ ಸಲ ಸಾವಕಾಶ ಒರಸಿದ್ರ ಏನಾಗತೈತಿ ಅತ್ತಿ?

ರವಿ: ಶೈಲಾ ವೈನಿನ ಕೇಳು.

ಶೈಲಾ ವೈನಿ: ನಾ ಸುಮ್ನ ಇದ್ದೆ. ಕೇಳಿದ್ದಕ್ಕ ಹೇಳ್ತೀನಿ. ದೀಪಾವಳಿಗೆ ಒಯ್ದ ಸ್ಕೇಲ್ ಯುಗಾದಿಗೆ ತಿರುಗಿ ಬಂತು. 1/8 ಇಂಚಿನ ಗೆರಿ ಒಂದೂ ಉಳಿದಿಲ್ಲ. ಯಾರು ಒಯ್ದಿದ್ರು ಅಂತ ಹೇಳಂಗಿಲ್ಲ.

ಪಮ್ಮಿ: ಹೇಳಂಗಿಲ್ಲ ಅಂದ್ರ ಎಲ್ಲಾರಿಗೂ ತಿಳೀತಲ್ಲ ವೈನಿ! ಅದು ನೀವು ಕೊಡೂ ಮುಂದ ಹಳೇದ ಇತ್ತು.

ದೊಡ್ಡ ಕಾಕಾ: ಮನೆಯ ಮಾತು ಗುಂಪಿನಲ್ಲಿ ಬೇಡ. ಎರವಲು ಒಯ್ದ ವಸ್ತುವನ್ನು ಒಯ್ದಂತೆಯೇ ಹಿಂತಿರುಗಿಸುವುದು ಸಂಸ್ಕಾರ. ಕೊಟ್ಟವರು ಅದನ್ನು ಎತ್ತಿ ಆಡದಿರುವುದು ಅದಕ್ಕಿಂತ ದೊಡ್ಡ ಸಂಸ್ಕಾರ.

ಶೈಲಾ ವೈನಿ: ಆತ್ರಿ ಕಾಕಾ.

ನಯನಾ: ಅತ್ತೆ, ನನ್ನ ಸ್ಕೇಲ್ ಹಿಂದೆ ಡಬಲ್ ಸೈಡ್ ಟೇಪಿನ ಗಮ್ ಉಳ್ಕೊಂಡಿದೆ. ಬಟ್ಟೆ ಮೇಲೆ ಜಾರದೇ ಇರ್ಲಿ ಅಂತ ಅಂಟಿಸಿದ್ದ ಸ್ಯಾಂಡ್‌ಪೇಪರ್ ಮಾತ್ರ ಕಿತ್ತು ಬಂತು. ಸ್ಯಾನಿಟೈಸರ್ ಹಾಕ್ಲಾ? ಮನೇಲಿ ಇನ್ನೂ ಎರಡು ಬಾಟ್ಲಿ ಇದೆ.

ಸುಧಾ ಅತ್ತಿ: ಬ್ಯಾಡವಾ. ಅದು ಮುಕ್ಕಾಲು ಭಾಗ ಆಲ್ಕೋಹಾಲ್. ಹಚ್ಚಿದ ಕೂಡಲೇ ಏನೂ ಕಾಣಂಗಿಲ್ಲ. ಆದ್ರ ಲೇಸರ್‌ಲೆ ಕತ್ತರಿಸಿದ ಅಂಚಿನಾಗ ಒಳಗ ಬಿಗುವು ಇರತೈತಿ, ಅಲ್ಲಿ ಕೂದಲ ಎಳಿ ಹಂಗ ಬಿರುಕು ಬೀಳತಾವ. ಒಂದ ದಿನ ರೋಟರಿ ಕಟರ್ ಒತ್ತಿ ಹಿಡದಾಗ ಅಂಚಿನ ಚಕ್ಕಿ ಹಾರತೈತಿ. ಗಾಜ ಒರಸೂ ಸ್ಪ್ರೇನೂ ಬ್ಯಾಡ, ಅಮೋನಿಯಾ, ಆಲ್ಕೋಹಾಲ್ ಇರೂವು ಭಾಳ ಇರತಾವ.

ಸುಧಾ ಅತ್ತಿ: ಕೊಬ್ಬರಿ ಎಣ್ಣಿ ಅರ್ಧ ಚಮಚ ಸಾಕು. ಗಮ್ ಇದ್ದಲ್ಲೆ ಅಷ್ಟ ಹಚ್ಚಿ 20 ನಿಮಿಷ ಬಿಡು. ಎಣ್ಣಿ ಗಮ್ಮಿನೊಳಗ ಇಳದು ಅದನ್ನ ಉಬ್ಬಸತೈತಿ, ಹಿಡಿತ ಸಡಲ ಆಗತೈತಿ. ಅವಸರ ಮಾಡಿದ್ರ ಬರೇ ಹರಡತೈತಿ, ಅದಕ್ಕ 20 ನಿಮಿಷ ಅಂದೆ. ಆಮ್ಯಾಲೆ ಹೆಬ್ಬಟ್ಟಿಲೆ ಒಂದ ದಿಕ್ಕಿಗೆ ಉಜ್ಜು, ಸಣ್ಣ ಉಂಡಿ ಆಗಿ ಕಿತ್ತು ಬರತೈತಿ. ಗಟ್ಟಿ ಇದ್ರ ಹಳೇ ಎಟಿಎಂ ಕಾರ್ಡಿನ ಅಂಚಿಲೆ ಕೆರಿ. ಬ್ಲೇಡ್ ಬ್ಯಾಡ, ಪಾತ್ರಿ ತಿಕ್ಕೂ ನಾರ ಬ್ಯಾಡ. ಅಡಿಗಿ ಸೋಡಾ ಎಣ್ಣಿಯಾಗ ಕಲಸಿ ಹಚ್ಚೂದು ಇನ್ನೊಂದು ವಿಡಿಯೋದಾಗ ಬರತೈತಿ, ಅದು ಸ್ಟೀಲಿಗೆ ನಡೀತೈತಿ, ಸ್ಕೇಲಿನ ಹೊಳಪು ತೆಗೀತೈತಿ.

ಸುಧಾ ಅತ್ತಿ: ಗಮ್ ಹೋದ ಮ್ಯಾಲೆ ಎಣ್ಣಿ ತೆಗಿಯೂದ ಮುಖ್ಯ. ಅರ್ಧ ಲೀಟರ್ ಉಗುರ ಬೆಚ್ಚಗಿನ ನೀರಿಗೆ ಪಾತ್ರಿ ತೊಳಿಯೂ ಲಿಕ್ವಿಡ್ ನಾಕ ಹನಿ ಹಾಕಿ ತೊಳಿ, ಮೆತ್ತನ ಹತ್ತಿ ಅರಿವಿಲೆ ಒರಸು. ಬಿಳೇ ಹಾಳಿ ಮ್ಯಾಲೆ ಸ್ಕೇಲ್ ಒತ್ತಿ ನೋಡು. ಹಾಳಿ ಮ್ಯಾಲೆ ಎಣ್ಣಿ ಕಲಿ ಬಿದ್ರ ಇನ್ನೊಮ್ಮೆ ತೊಳಿ. ಎಣ್ಣಿ ಉಳಿದ್ರ ಸ್ಕೇಲ್ ಜಾರಿ ಕಟರ್ ಬೆರಳಿಗೆ ಬರತೈತಿ, ರೇಷ್ಮಿ ಆಗಿದ್ರ ಕಲಿ ಹೋಗಂಗಿಲ್ಲ.

ದೊಡ್ಡ ಕಾಕಾ: ಕೊಬ್ಬರಿ ಎಣ್ಣೆ! ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡುಕೊಂಡಿದ್ದರು. ಇಂದಿನವರಿಗೆ ಎಲ್ಲಕ್ಕೂ ರಾಸಾಯನಿಕ ಬೇಕು.

ರವಿ: ಕಾಕಾ, ಒಂದ ತಾಸಿನ ಹಿಂದ ನೀವ ‘ಉತ್ತಮ ಮಾಹಿತಿ’ ಅಂದಿದ್ರಿ.

ದೊಡ್ಡ ಕಾಕಾ: ನಾನು ಹೇಳಿದ್ದು ವಿಡಿಯೋದ ಉದ್ದೇಶದ ಬಗ್ಗೆ.

ಬಸಣ್ಣ: ಆಯಿ ಕೌದಿ ಹೊಲಿಯೂ ಮುಂದ ಯಾವ ಗಮ್ಮೂ ಇರಲಿಲ್ಲ. ಹಳೇ ಇಳಕಲ್ ಸೀರಿ ನಾಕ ಪದರ ಹಾಸಿ, ಕಚ್ಚಾ ಟಾಕಿ ಹಾಕಿ, ಅಂಚಿನಿಂದ ಹೊಲಕೋತ ನಡುವಕ್ಕ ಬರತಿದ್ಲು. ಪಡಸಾಲಿ ತುಂಬ ಕೌದಿ. ಹಳಿಯಾಳ ಕಡೆ ಸಿದ್ದಿ ಹೆಣ್ಮಕ್ಕಳೂ ಕವಂದಿ ಹಂಗ ಹೊಲೀತಾರ, ಮೂಲಿಗೊಂದು ಹೂವಿನ ತುಂಡ ಇಟ್ಟು. ಆಯಿ ಹಿತ್ತಾಳಿ ಹಿಡಿಕಿ ಮೀರತ್ ಕತ್ತರಿ ನೆನಪ ಐತೇನ ಯಾರಿಗರ? ಈಗ ಯಾರ ಹತ್ತಿರ ಐತಿ ಅದು?

ಪಮ್ಮಿ: ಅದು ಸುಧಾ ಅತ್ತಿ ಹತ್ತಿರ ಐತಿ. ನಮ್ಮವ್ವಗ ಕೊಡ್ತೀನಿ ಅಂತ ಆಯಿ ಹೇಳಿದ್ಲು, ಎಲ್ಲಾರೂ ಕೇಳ್ಯಾರ.

ಸುಧಾ ಅತ್ತಿ: ಎಲ್ಲಾರೂ ಅಂದ್ರ ಯಾರು? ಕತ್ತರಿ ನನ್ನ ಹತ್ತಿರ ಐತಿ ಅಂತನ ಇನ್ನೂ ಅರಿವಿ ಕತ್ತರಸತೈತಿ. ಅದು ಕಾರ್ಬನ್ ಉಕ್ಕು, ನೀರಾಗ ನೆನಸಿದ್ರ ಒಂದ ರಾತ್ರಿಗೆ ತುಕ್ಕ ಹಿಡೀತೈತಿ. ಗಮ್ ಹತ್ತಿದ್ರ ಏನ ಮಾಡಬೇಕು ಅಂತ ಕೇಳಿಕೊಂಡು ಆಮ್ಯಾಲೆ ಹಕ್ಕ ಕೇಳು.

ಪಮ್ಮಿ: ಕೇಳ್ತೀನಿ, ಹೇಳ್ರಿ.

ಸುಧಾ ಅತ್ತಿ: ಬಾಯಿ ಪೂರ್ತಿ ತೆರಿ. ಸ್ಪಿರಿಟ್ ಹಚ್ಚಿದ ಹತ್ತಿಲೆ ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಒರಸು, ಅಲಗಿನ ಉದ್ದಕ್ಕ ಬೆರಳ ಓಡಿಸಬ್ಯಾಡ. ಟೇಪಿನ ಗಮ್ಮಿಗೆ ಸ್ಪಿರಿಟ್ ಸಾಕು. ಗ್ಲೂ ಗನ್ನಿನ ಮೇಣದಂಥ ಗಮ್ ಇದ್ರೂ ಅಂಚಿಗೆ ಸ್ಪಿರಿಟ್ ಬಿಡು, ಕರಗಂಗಿಲ್ಲ, ಹಿಡಿತ ಬಿಟ್ಟು ಇಡಿಯಾಗಿ ಏಳತೈತಿ. ಫೆವಿಕ್ವಿಕ್ ಆಗಿದ್ರ ಮಾತ್ರ ಅಸಿಟೋನ್ ಬೇಕು. ಬರೇ ಉಕ್ಕಿನ ಮ್ಯಾಲೆ, ಪ್ಲಾಸ್ಟಿಕ್ ಹಿಡಿಕಿ ಇಲ್ಲಾ ಬಣ್ಣದ ಹಿಡಿಕಿಗೆ ತಾಗಲಾರದಂಗ.

ಪಮ್ಮಿ: ನೋಡ್ರಿ! ರಿಮೂವರ್ ನಡೀತೈತಿ ಅಂತ ಅತ್ತಿನ ಹೇಳಿದ್ರು! ನಾ ಹೇಳಿದ್ದ ಖರೆ.

ರವಿ: ‘ಯಾವುದಕ್ಕೆ ಅಂಟಿದ್ದರೂ’ ಅಂತ ಐತಿ ಅದರಾಗ. ಫೆವಿಕ್ವಿಕ್ ಹತ್ತಿದ ಉಕ್ಕಿಗೆ ಅಂತ ಇಲ್ಲ.

ಪಮ್ಮಿ: ನಾ ಬರದಿದ್ದಲ್ಲ ಅದು, ಕಳಿಸಿದ್ದು.

(ಪಮ್ಮಿ ಸಂದೇಶವನ್ನು ಅಳಿಸಿದ್ದಾರೆ)

ರವಿ: ಯಾಕ ಅಳಿಸಿದಿ?

ಪಮ್ಮಿ: ನಿನ್ನ ಕಾಟಕ್ಕ.

ಬಸಣ್ಣ: ಏನಿತ್ತು ಅದರಾಗ? ನಾ ಮುಂದ ಎರಡ ಗುಂಪಿಗೆ ಕಳಿಸೀನಿ.

ಸುಧಾ ಅತ್ತಿ: ಅವರಿಗೂ ಸ್ಕೇಲಿನ ಮಾತ ಹೇಳು ಬಸು, ಮರೀಬ್ಯಾಡ. ಕತ್ತರಿ ಇನ್ನೂ ಮುಗಿದಿಲ್ಲ. ಒರಸಿದ ಮ್ಯಾಲೆ ತಿರುಪಿನ ಹತ್ತಿರ ಮಷೀನ್ ಎಣ್ಣಿ ಒಂದ ಹನಿ ಬಿಡು, ಯಾಕಂದ್ರ ಸ್ಪಿರಿಟ್ ಅಲ್ಲಿನ ಎಣ್ಣಿನೂ ತೊಳದಿರತೈತಿ. ಹತ್ತ ಹದಿನೈದ ಸಲ ತೆರದು ಮುಚ್ಚಿ, ಹೆಚ್ಚಿನ ಎಣ್ಣಿ ಒರಸಿ, ಮೊದಲ ಚಿಂದಿ ಕತ್ತರಸು. ತಿರುಪು ಮಾತ್ರ ಸಡಲ ಮಾಡಬ್ಯಾಡ. ಎರಡ ಅಲಗಿನ ಒತ್ತು ತಪ್ಪಿದ್ರ ಅರಿವಿ ಕಚ್ಚಂಗಿಲ್ಲ, ನಡುವ ಮಡಚಕೊಂಡ ಕೂಡತೈತಿ.

ದೊಡ್ಡ ಕಾಕಾ: ಮಷೀನ್ ಎಣ್ಣೆ ಏಕೆ, ಅದೇ ಕೊಬ್ಬರಿ ಎಣ್ಣೆ ಸಾಕಲ್ಲವೇ? ಹೊಲಿಗೆ ಯಂತ್ರಕ್ಕೂ ಅದನ್ನೇ ಹಾಕಬಹುದು.

ಸುಧಾ ಅತ್ತಿ: ಬ್ಯಾಡ ಅಣ್ಣಾ, ದಯವಿಟ್ಟು! ಕೊಬ್ಬರಿ ಎಣ್ಣಿ 24 ಡಿಗ್ರಿ ಕೆಳಗ ಹೆಪ್ಪುಗಟ್ಟತೈತಿ, ಧಾರವಾಡದ ಚಳಿಗಾಲದಾಗ ಮಷೀನಿನ ಒಳಗ ಗಡ್ಡಿ ಆಗಿ ಕೂಡತೈತಿ. ಶೇಂಗಾ ಎಣ್ಣಿ, ಸೂರ್ಯಕಾಂತಿ ಎಣ್ಣಿ ಇನ್ನೂ ಕೆಟ್ಟವು, ಗಾಳಿಗೆ ಒಣಗಿ ಹಳದಿ ಅಂಟ ಆಗತಾವ. ಮಷೀನ್ ಬಿಗಿ ಆತು ಅಂತ ಜನ ಮತ್ತ ಅದನ್ನ ಸುರೀತಾರ, ಅಂಟ ಇನ್ನೂ ಹೆಚ್ಚ ಆಗತೈತಿ. ಮಷೀನಿಗೆ ಬಿಳೇ ಮಷೀನ್ ಎಣ್ಣಿ ಒಂದ.

ನಯನಾ: ಆಗ್ಲೇ ಅಂಟು ಕಟ್ಟಿದ್ರೆ ಏನ್ಮಾಡೋದು ಅತ್ತೆ?

ಸುಧಾ ಅತ್ತಿ: ಕಾಲಿಲೆ ತುಳಿಯೂ ಕಬ್ಬಿಣದ ಮಷೀನ್ ಆಗಿದ್ರ ದಾರ, ಬಾಬಿನ್ ತೆಗೆದು, ಎಣ್ಣಿ ತೂತಿಗೆ ಎರಡ ಮೂರ ಹನಿ ಸೀಮಿ ಎಣ್ಣಿ ಬಿಟ್ಟು ಐದ ನಿಮಿಷ ಖಾಲಿ ಓಡಸು. ಕಂದು ಬಣ್ಣದ ಹೊಲಸ ಕೆಳಗ ಇಳೀತೈತಿ, ಒರಸು. ಬಿಳೇ ಅರಿವಿಗೆ ಹೊಲಸ ಹತ್ತೂದು ನಿಲ್ಲೂ ತನಕ ಮಾಡಬೇಕು. ಆಮ್ಯಾಲೆ ಅಷ್ಟೂ ತೂತಿಗೆ ಮಷೀನ್ ಎಣ್ಣಿ ಬಿಡದಿದ್ರ ಲೋಹ ಲೋಹಕ್ಕ ತಿಕ್ಕಿ ಸವೀತೈತಿ. ಮೋಟರ್ ಹಚ್ಚಿದ ಮಷೀನಿಗೆ ಬೆಲ್ಟ್ ಬಿಚ್ಚಿ, ಮೋಟರ್ ತೆಗೆದು ದೂರ ಇಟ್ಟು ಮಾಡಬೇಕು. ಮೋಟರಿನ ಬ್ರಶ್ ಕಿಡಿ ಹಾರಸತಾವ. ಕಂಪ್ಯೂಟರ್ ಮಷೀನ್ ಆದ್ರ ಮುಟ್ಟಬ್ಯಾಡ, ಸರ್ವಿಸಿಗೆ ಕೊಡು.

ಪಮ್ಮಿ: ಮತ್ತ ಇಸ್ತ್ರಿ ಪೆಟ್ಟಿಗಿ?

ಶೈಲಾ ವೈನಿ: ಇದು ನಾ ಹೇಳ್ತೀನಿ. ಬಿಸಿ ಇಸ್ತ್ರಿ ಪೆಟ್ಟಿಗಿಗೆ ರಿಮೂವರ್ ಹಚ್ಚಿದ್ರ ಬೆಂಕಿ ಹೊತ್ತಬಹುದು, ಇದು ಒಂದ ಸಾಕು ಆ ವಿಡಿಯೋ ಅಳಸಾಕ. ತಣ್ಣಗಿದ್ದಾಗ ಹಚ್ಚಿದ್ರೂ ಉಪಯೋಗ ಇಲ್ಲ. ಕಾಲರ್ ಗಟ್ಟಿ ನಿಲ್ಲಲಿ ಅಂತ ಒಳಗ ಅಂಟಿಸೂ ಪೇಸ್ಟಿಂಗಿನ ಗಮ್ ಬಿಸಿಗೆ ಕರಗೂದು, ರಿಮೂವರಿಗೆ ಬಗ್ಗೂದಲ್ಲ. ಪೆಟ್ಟಿಗಿ ಕಾಟನ್‌ಗೆ ಇಟ್ಟು ಬಿಸಿ ಮಾಡಿ, ಹಳೇ ದಪ್ಪ ಹತ್ತಿ ಅರಿವಿ ಮಡಚಿ ಅದರ ಮ್ಯಾಲೆ ಒತ್ತಿ ಎಳೀರಿ, ಗಮ್ ಅರಿವಿಗೆ ಹತ್ತತೈತಿ. ಪ್ರತಿ ಸಲ ಅರಿವಿ ಸರಸ್ರಿ, ಅದ ಜಾಗಕ್ಕ ಎಳದ್ರ ತಿರುಗಿ ಹತ್ತತೈತಿ. ಗಟ್ಟಿ ಉಳದದ್ದನ್ನ ಕಟ್ಟಗಿ ಚಮಚದ ಅಂಚಿಲೆ ತಳ್ರಿ. ಹಳೇ ಅಲ್ಯೂಮಿನಿಯಂ, ಸ್ಟೀಲ್ ತಳಕ್ಕ ಅರಿವಿ ಮ್ಯಾಲೆ ಉಪ್ಪ ಹಾಕಿ ತಿಕ್ಕಿದ್ರ ನಡೀತೈತಿ. ನಾನ್‌ಸ್ಟಿಕ್ ತಳಕ್ಕ ಉಪ್ಪ ಬ್ಯಾಡ, ಲೇಪ ಗೀರತೈತಿ.

ರವಿ: ಪ್ಯಾರಾಸಿಟಮಾಲ್ ಗುಳಿಗಿ ತಿಕ್ಕೂದು ಒಂದ ಐತಿ. ಅದು ಖರೆನ ಕೆಲಸ ಮಾಡತೈತಿ. ಆ ಗುಳಿಗಿ 169 ಡಿಗ್ರಿಗೆ ಕರಗತೈತಿ, ಕಾಟನ್‌ಗೆ ಇಟ್ಟ ಪೆಟ್ಟಿಗಿ ಅದಕ್ಕಿಂತ ಬಿಸಿ ಇರತೈತಿ. ಕರಗಿದ್ದು ಸುಟ್ಟ ಹೊಲಸಿನೊಳಗ ಹೊಕ್ಕು ಅದನ್ನ ಏಳಸತೈತಿ.

ಪಮ್ಮಿ: ಇದರ ಮೂಲ ಎಲ್ಲೈತಿ?

ದೊಡ್ಡ ಕಾಕಾ: ಜ್ವರ ಬಂದವರಿಗೆ ಕೊಡುವ ಔಷಧವನ್ನು ಇಸ್ತ್ರಿ ಪೆಟ್ಟಿಗೆಗೆ ತಿಕ್ಕುವುದು ನನಗೆ ಸರಿ ಕಾಣುವುದಿಲ್ಲ.

ಶೈಲಾ ವೈನಿ: ಮಾಡೂದ ಆದ್ರ ಚಿಮಟಾಲೆ ಹಿಡೀರಿ, ಬೆರಳಿಲೆ ಹಿಡದ್ರ ಕರಗಿದ್ದು ಸುಡತೈತಿ. ಮ್ಯಾಲೆ ಲೇಪ ಇಲ್ಲದ ಬಿಳೇ ಗುಳಿಗಿ ಬೇಕು. ಕಿಟಕಿ ತೆರೀರಿ, ಹೊಗಿ ಕುಡೀಬ್ಯಾಡ್ರಿ. ಒರಸಿದ ಅರಿವಿ ಕಸಕ್ಕ ಹಾಕಿ ಬಿಡ್ರಿ. ನನ್ನ ಅಂಗಡ್ಯಾಗ ಇದು ಬೇಕಾಗಂಗಿಲ್ಲ. ಪೇಸ್ಟಿಂಗ್ ಮ್ಯಾಲೆ ಟೆಫ್ಲಾನ್ ಹಾಳಿ ಇಟ್ಟು ಒತ್ತತೀವಿ, ಉಜ್ಜಂಗಿಲ್ಲ. ಉಜ್ಜಿದ್ರ ಪೇಸ್ಟಿಂಗ್ ಸರದು ಗಮ್ ಹೊರಗ ಬರತೈತಿ. ಹತ್ತರಾಗ ಒಂಬತ್ತ ಪೆಟ್ಟಿಗಿ ಕೆಡೂದು ಪೇಸ್ಟಿಂಗ್ ಉಲ್ಟಾ ಇಟ್ಟಿದ್ದಕ್ಕ. ಹೊಳಪಿನ ಚುಕ್ಕಿ ಇರೂ ಮಗ್ಗಲ ಅರಿವಿ ಕಡೆ ಇರಬೇಕು.

ನಯನಾ: ರೋಟರಿ ಕಟರ್ ನಾನು ಹೇಳ್ತೀನಿ. 45 ಮಿಲಿಮೀಟರ್ ಬ್ಲೇಡ್ ಬಿಚ್ಚುವಾಗ ಭಾಗಗಳನ್ನ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ, ಒಂದು ಫೋಟೋ ತೆಗೆದುಕೊಳ್ಳಿ. ಬಾಗಿರೋ ವಾಷರ್ ಉಲ್ಟಾ ಕೂತ್ರೆ ಬ್ಲೇಡ್ ಬಿಗಿ ಆಗಿಬಿಡುತ್ತೆ, ತಿರುಗಲ್ಲ. ಬ್ಲೇಡನ್ನ ಚಪ್ಪಟೆಯಾಗಿ ಇಟ್ಟು ನಡುವಿನಿಂದ ಹೊರಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ. ಬ್ಲೇಡ್‌ಗೂ ಕಪ್ಪು ಗಾರ್ಡ್‌ಗೂ ನಡುವೆ ನೂಲಿನ ಧೂಳು ಗಮ್ ಜೊತೆ ಸೇರಿ ಗಟ್ಟಿಯಾಗಿರುತ್ತೆ, ಅದನ್ನ ತೆಗೆದು ಒಂದು ಹನಿ ಮಷೀನ್ ಎಣ್ಣೆ ಬಿಡಿ. ಬ್ಲೇಡ್ ಮೊಂಡಾಯ್ತು ಅಂತ ಬಿಸಾಡೋ ಮೊದಲು ಇದನ್ನ ಮಾಡಿ ನೋಡಿ. ಕತ್ತರಿಸುವಾಗ ಕೆಳಗೆ ಹಾಸೋ ಮ್ಯಾಟ್‌ಗೆ ಮಾತ್ರ ತಣ್ಣೀರು, ಸೋಪು. ಬಿಸಿನೀರು ಬಿದ್ರೆ ಮ್ಯಾಟ್ ಸೊಟ್ಟಗಾಗುತ್ತೆ, ಮತ್ತೆ ನೆಟ್ಟಗಾಗಲ್ಲ.

ಬಸಣ್ಣ: ಆಯಿಗೆ ಮ್ಯಾಟ್ ಇರಲಿಲ್ಲ. ಕಡಪಾ ಕಲ್ಲ ಇತ್ತು.

ಪಮ್ಮಿ: ವೈನಿ, ಬ್ಲೌಸಿಗೆ ಅಂಟಿಸೂ ವೆಲ್ಕ್ರೋ ಹೊಲಿಯೂ ಮುಂದ ನನ್ನ ಮಷೀನ್ ಟಾಕಿ ಬಿಡತೈತಿ.

ಶೈಲಾ ವೈನಿ: ಅಂಟಿಸೂ ವೆಲ್ಕ್ರೋ ಹೊಲಿಯಾಕಲ್ಲ ಪಮ್ಮಿ, ಗಮ್ ಇಲ್ಲದ್ದು ಬ್ಯಾರೆ ಸಿಗತೈತಿ, ಅದನ್ನ ತಾ. ಸ್ಪ್ರೇ ಗಮ್ ಹೊಡದು ಕ್ವಿಲ್ಟ್ ಪದರ ಕೂಡಿಸಿದ್ರೂ ಇದ ಆಗತೈತಿ. ಸೂಜಿ ಬೆನ್ನಿನ ತಗ್ಗಿನಾಗ, ಕಣ್ಣಿನಾಗ ಗಮ್ ಕೂಡತೈತಿ, ದಾರದ ಕುಣಿಕಿ ಸರಿ ಆಗಂಗಿಲ್ಲ, ಕೆಳಗಿನ ಹುಕ್ಕಿಗೆ ಸಿಗಂಗಿಲ್ಲ, ಟಾಕಿ ತಪ್ಪತೈತಿ. 16ನೇ ನಂಬರ್ ಸೂಜಿ ಹಾಕು, ಕಣ್ಣು ದೊಡ್ಡದಿರತೈತಿ. ಸಾವಕಾಶ ತುಳಿ, ಓಟಕ್ಕ ಸೂಜಿ ಕಾದು ಗಮ್ ಇನ್ನೂ ಅಂಟತೈತಿ. ಒಂದ ಗೇಣ ಹೊಲದ ಕೂಡಲೇ ನಿಲ್ಲಿಸಿ ಸ್ಪಿರಿಟಿನ ಹತ್ತಿಲೆ ಒರಸು. ಇಲ್ಲಿ ಎಣ್ಣಿ ಬ್ಯಾಡ, ಅರಿವಿಗೆ ಇಳೀತೈತಿ. ಅಷ್ಟ ಮಾಡಿದ್ರೂ ಬಿಟ್ಟರ ಸೂಜಿ ಬದಲ ಮಾಡು.

ಪಮ್ಮಿ: ನಿಮ್ಮ ಅಂಗಡ್ಯಾಗ 16ನೇ ನಂಬರ್ ಅದಾವೇನು?

ಶೈಲಾ ವೈನಿ: ಅದಾವ. ಬಂದು ಒಯ್ಯಿ. ಸೂಜಿ ತಿರುಗಿ ಕೊಡಬ್ಯಾಡ, ಸ್ಕೇಲಿಂದು ಮಾತಾಡೂಣ.

ದೊಡ್ಡ ಕಾಕಾ: ಸ್ಕೇಲಿನ ಬೆಲೆ ಎಷ್ಟು? ನಾನೇ ಕೊಡುತ್ತೇನೆ.

ಶೈಲಾ ವೈನಿ: ನೀವ್ಯಾಕ್ರಿ ಕಾಕಾ ಕೊಡ್ತೀರಿ, ಒಯ್ದವರು ಕೊಡ್ಲಿ.

ಬಸಣ್ಣ: ಕತ್ತರಿದು ಯಾರು ಮಾತಾಡವರು?