ಅಪ್‌ಡೇಟ್: ಮಗಳನ್ನು ಎಂಟನೇ ಕ್ಲಾಸಿಗೆ ಕೊನೆಗೂ ಸೇರಿಸಿದೆವು

ಫೆಬ್ರವರಿಯಲ್ಲಿ ಕೇಳಿದ್ದೆ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸ್ ಮುಗಿಸುತ್ತಿದ್ದಾಳೆ, ಮುಂದೆ ತುಮಕೂರಿನ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಬಸ್ಸಿನಲ್ಲಿ ಕಳಿಸೋದಾ, ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಸೇರಿಸೋದಾ ಅಂತ. "ರಿಸಲ್ಟ್ ಬ್ಯಾನರ್ ನೋಡಬೇಡಿ, ಪಾಠ ನಡೆಯುವ ದಿನ ಹೋಗಿ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಹಾಗೇ ಮಾಡಿದೆವು.

ಖಾಸಗಿ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ತೋರಿಸಿದರು, ಫೀಸ್ ಹೇಳಿದರು. ಲ್ಯಾಬ್ ಕೇಳಿದರೆ ಬೀಗ. ಸರ್ಕಾರಿ ಶಾಲೆಯಲ್ಲಿ ಗೋಡೆಯ ಬಣ್ಣ ಕಿತ್ತುಹೋಗಿತ್ತು, ನಿಜ. ಆದರೆ ಒಳಗೆ ಮಕ್ಕಳು ನಿಂಬೆರಸಕ್ಕೆ ನೀಲಿ ಲಿಟ್ಮಸ್ ಚೀಟಿ (ಆಮ್ಲ ತಾಗಿದರೆ ಕೆಂಪಾಗುವ ಕಾಗದ) ಅದ್ದುತ್ತಿದ್ದರು. ಒಬ್ಬ ಹುಡುಗಿ ಕೆಂಪಾದ ಚೀಟಿಯನ್ನು ನನ್ನ ಮಗಳ ಕೈಗೇ ಇಟ್ಟಳು. ಮಗಳ ಮುಖ ನೋಡಬೇಕಿತ್ತು! ಗಣಿತ, ವಿಜ್ಞಾನ ಎರಡಕ್ಕೂ ಕಾಯಂ ಮೇಷ್ಟ್ರು ಇದ್ದಾರಾ ಅಂತಲೂ ಕೇಳಿದೆ. ಇದ್ದಾರೆ. ಇದನ್ನು ಮಾತ್ರ ಯಾರೂ ಕೇಳದೆ ಬರಬೇಡಿ. ಮೇಷ್ಟ್ರಿಲ್ಲದೆ ಕಟ್ಟಡ ಎಷ್ಟು ಚೆನ್ನಾಗಿದ್ದರೇನು?

ಅಲ್ಲಿಗೇ ಸೇರಿಸಿದೆವು, ಕನ್ನಡ ಮಾಧ್ಯಮದಲ್ಲೇ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಪ್ರಥಮ ಭಾಷೆಗೇ 125, ಕನ್ನಡ ಅವಳ ಬಲ. ಪುಸ್ತಕ, ಮಧ್ಯಾಹ್ನದ ಊಟ ಶಾಲೆಯಲ್ಲೇ ಸಿಗುತ್ತೆ. ಬಸ್ಸಿನಲ್ಲಿ ಹೋಗಬೇಕಿದ್ದ ಎರಡು ಗಂಟೆ ಉಳಿಯಿತು.

ಇಂಗ್ಲಿಷ್ ಬಗ್ಗೆ ಭಯ ಪೂರ್ತಿ ಹೋಗಿಲ್ಲ. ಪಿಯುಸಿ ಸೈನ್ಸ್‌ಗೆ ಹೋದರೆ ಕಷ್ಟ ಆಗಬಹುದು ಅಲ್ವಾ? ಅದಕ್ಕೇ ದಿನಾ ರಾತ್ರಿ ಅರ್ಧ ಗಂಟೆ ಇಬ್ಬರೂ ಕೂತು ಇಂಗ್ಲಿಷ್ ಪೇಪರ್ ಜೋರಾಗಿ ಓದುತ್ತೇವೆ. ನಿನ್ನೆ ನನ್ನ ಉಚ್ಚಾರಣೆಯನ್ನು ಅವಳೇ ತಿದ್ದಿದಳು.