ಅಪ್‌ಡೇಟ್: ರೈಫಲ್‌ನ ಬೋಲ್ಟ್ ಬಿಗಿಯುತ್ತಿದ್ದುದರ ಕಾರಣ ಸಿಕ್ಕಿತು

ಟೆಕ್ಸಾಸ್‌ನಲ್ಲಿ ನಾನೇ ತುಂಬಿಸಿದ .308 ವಿಂಚೆಸ್ಟರ್ ತೋಟಾಗಳನ್ನು ಹಾರಿಸಿದ ಮೇಲೆ ಬೋಲ್ಟ್ (ನಳಿಕೆಯ ಹಿಂಬದಿಯನ್ನು ಮುಚ್ಚುವ ಭಾಗ) ಎತ್ತುವುದು ಕಷ್ಟವಾಗುತ್ತಿದೆ, ಕೇಸಿನ (ತೋಟಾದ ಲೋಹದ ಕವಚ) ತಳದಲ್ಲಿ ಎಜೆಕ್ಟರ್‌ನ (ಖಾಲಿ ಕೇಸನ್ನು ಹೊರದೂಡುವ ಭಾಗ) ಹೊಳೆಯುವ ಗುರುತು ಮೂಡುತ್ತಿದೆ ಎಂದು ಕೇಳಿದ್ದೆ. ಇವು ಒತ್ತಡ ಅತಿಯಾದುದರ ಲಕ್ಷಣಗಳು; ಆದರೆ ಮದ್ದಿನ ಪ್ರಮಾಣ ಕೈಪಿಡಿಯ ಗರಿಷ್ಠ ಮಿತಿಗಿಂತ ಕೆಳಗೇ ಇದ್ದುದರಿಂದ ಚೇಂಬರನ್ನು (ನಳಿಕೆಯಲ್ಲಿ ತೋಟಾ ಕೂರುವ ಜಾಗ) ಶಂಕಿಸಿದ್ದೆ. ನಿಮ್ಮ ಸಲಹೆಯಂತೆ ಉಳಿದವನ್ನು ಹಾರಿಸದೆ ಅಳೆದಾಗ, ಹಲವು ಬಾರಿ ಬಳಸಿದ ಕೇಸುಗಳು 2.015 ಇಂಚಿನ ಗರಿಷ್ಠ ಉದ್ದವನ್ನು ದಾಟಿದ್ದವು. ಹೀಗೆ ಬೆಳೆದ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿಕೊಂಡು ಗುಂಡನ್ನು ಬಿಗಿಹಿಡಿಯುವುದರಿಂದ, ಮದ್ದು ಮಿತಿಯೊಳಗಿದ್ದರೂ ಒತ್ತಡ ಏರುತ್ತದೆ. ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಭಾಗ) ಚಪ್ಪಟೆಯಾಗಿಲ್ಲವೆಂದು ನಿಶ್ಚಿಂತನಾಗಿದ್ದುದು ನನ್ನದೇ ತಪ್ಪು; ಆ ಒಂದು ಲಕ್ಷಣವನ್ನೇ ನಂಬುವಂತಿಲ್ಲ. ಬಂದೂಕು ದುರಸ್ತಿಗಾರರು ಚೇಂಬರನ್ನು ಪರೀಕ್ಷಿಸಿ ದೋಷವಿಲ್ಲವೆಂದರು. ಕೇಸುಗಳನ್ನು 2.005 ಇಂಚಿಗೆ ಕತ್ತರಿಸಿ, ಕೈಪಿಡಿಯ ಆರಂಭಿಕ ಪ್ರಮಾಣದಿಂದ ಮತ್ತೆ ತೊಡಗಿದ್ದೇನೆ; ಬೋಲ್ಟ್ ಈಗ ಸಲೀಸಾಗಿ ಏಳುತ್ತಿದೆ.