ಪ್ಲೇರೈಟ್‌ನಲ್ಲಿ ಸ್ಕ್ರಾಲ್ ಆಗ್ತಿಲ್ಲ, 30 ಸೀರೆ ದಾಟಿ ಮುಂದೆ ಹೋಗಲ್ಲ

ಪ್ರಶ್ನೆ (ಬಾಗಲಕೋಟೆ)
ನಮಸ್ಕಾರ ರೀ. ಇಳಕಲ್‌ನಲ್ಲಿ ನಮ್ಮ ಮಾವನ ಸೀರೆ ಅಂಗಡಿ ಇದೆ. ಸ್ಟಾಕ್ ಎಲ್ಲ ಬ್ರೌಸರ್‌ನಲ್ಲಿ ತೆರೆಯುವ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿದೆ. ಎಕ್ಸೆಲ್‌ಗೆ ಇಳಿಸಲು ಬಟನ್ನೇ ಇಲ್ಲ! ಅದಕ್ಕೇ ಪೈಥಾನ್, ಜೊತೆಗೆ ಬ್ರೌಸರನ್ನು ಕೋಡ್‌ನಿಂದಲೇ ಓಡಿಸುವ ಪ್ಲೇರೈಟ್ ಹಿಡಿದು ಕೂತೆ. ಪುಟ ಕೆಳಗಿಳಿಸುವ ವಿಂಡೋ ಸ್ಕ್ರಾಲ್‌ಟು ಕೊಟ್ಟು, 2 ಸೆಕೆಂಡ್ ತಡೆದು, 40 ಸಲ ಓಡಿಸಿದೆ. ಎರರ್ ಇಲ್ಲ, ಪುಟವೂ ಅಲ್ಲಾಡುವುದಿಲ್ಲ. ಮೊದಲ 30 ಸೀರೆ ಮಾತ್ರ ಸಿಗುತ್ತವೆ. ಕೈಯಿಂದ ಮೌಸ್ ತಿರುಗಿಸಿದರೆ 612ರವರೆಗೂ ಹೋಗುತ್ತದೆ.

ಉತ್ತರ (ಬೆಳಗಾವಿ)
ಸ್ಕ್ರಾಲ್ ಆಗೋದು ಪುಟ ಅಲ್ಲ ರೀ, ಒಳಗಿನ ಬಾಕ್ಸ್. ಕೈಯಿಂದ ತಿರುಗಿಸುವಾಗ ನಿಮ್ಮ ಮೌಸ್ ಪಟ್ಟಿಯ ಮೇಲೇ ಇರುತ್ತದೆ, ಅದಕ್ಕೇ ಓಡುತ್ತದೆ. ಇನ್‌ಸ್ಪೆಕ್ಟ್ ಮಾಡಿ, ಓವರ್‌ಫ್ಲೋ ಆಟೋ ಅಥವಾ ಸ್ಕ್ರಾಲ್ ಅಂತಿರುವ ಡಿವ್ (ಪುಟದೊಳಗಿನ ಬಾಕ್ಸ್) ಹುಡುಕಿ. ಅದರ ಸ್ಕ್ರಾಲ್‌ಹೈಟ್ (ಒಳಗಿರುವುದರ ಒಟ್ಟು ಎತ್ತರ) ಕ್ಲೈಂಟ್‌ಹೈಟ್‌ಗಿಂತ (ಕಾಣುವಷ್ಟು ಎತ್ತರ) ಜಾಸ್ತಿ ಇದ್ದರೆ ಅದೇ ಅನ್ನಿ. ಅದು ಎಷ್ಟು ಕೆಳಗಿಳಿದಿದೆ ಅಂತ ಹೇಳುವ ಸ್ಕ್ರಾಲ್‌ಟಾಪ್ ಬದಲಿಸಿ. ಇಲ್ಲವೇ ಪಟ್ಟಿಯ ಮೇಲೆ ಹೋವರ್ ಮಾಡಿ (ಮೌಸ್ ತಂದು ನಿಲ್ಲಿಸಿ), ಆಮೇಲೆ ಮೌಸ್ ವೀಲ್ ಕೊಡಿ.

ಬಾಗಲಕೋಟೆ
ಓಡ್ತು! ಆದರೆ ಈಗ ಕೊನೆಯ 30 ಮಾತ್ರ ಬರುತ್ತಿವೆ. ಮೊದಲಿದ್ದ ಚಿಕ್ಕಿ ದಡಿಯವೆಲ್ಲ ಮಾಯ, ಬರೀ ಗೋಮಿ ದಡಿ ಉಳಿದಿವೆ.

ಬೆಳಗಾವಿ
ವರ್ಚುವಲ್ ಲಿಸ್ಟ್ ಇದು. ಕಾಣುವ ಸಾಲುಗಳು, ಆಚೀಚೆ ಕೆಲವು, ಅಷ್ಟನ್ನೇ ಡಾಮ್‌ನಲ್ಲಿ, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಪುಟದ ರಚನೆಯಲ್ಲಿ, ಇಡುತ್ತದೆ. ಮಾವ ಹೊಸ ಸೀರೆ ಬಿಚ್ಚುತ್ತಾ ಹಳೆಯದನ್ನು ಮಡಚಿ ಕಪಾಟಿಗೆ ಇಡುತ್ತಾರಲ್ಲ, ಹಾಗೆ. ಎಲ್ಲ ಮುಗಿದ ಮೇಲೆ ಎಣಿಸಿದರೆ ಗಾದಿ ಮೇಲೆ ಕೊನೆಯವೇ ಇರೋದು. ಒಂದೊಂದು ಸಲ ಇಳಿಸಿದಾಗಲೂ ಸಾಲುಗಳನ್ನು ಓದಿ, ಸೀರೆ ನಂಬರನ್ನೇ ಕೀ ಮಾಡಿ ಪೈಥಾನ್ ಡಿಕ್ಷನರಿಗೆ (ಒಂದು ಕೀಗೆ ಒಂದೇ ದಾಖಲೆ ಇಡುವ ಪಟ್ಟಿ) ಹಾಕಿ. ಬಾಕ್ಸ್ 600 ಪಿಕ್ಸೆಲ್ ಎತ್ತರ ಇದ್ದರೆ 400 ಮಾತ್ರ ಇಳಿಸಿ. ಒಮ್ಮೆಗೇ ತಳಕ್ಕೆ ಹಾರಿದರೆ ನಡುವಿನವು ತಪ್ಪಿಹೋಗುತ್ತವೆ. ಮೌಸ್ ವೀಲ್ ಸ್ಕ್ರಾಲ್ ಮುಗಿಯುವವರೆಗೆ ಕಾಯುವುದಿಲ್ಲ, ಸ್ವಲ್ಪ ತಡೆದು ಓದಿ. 40 ಸಲ ಅಂತ ಸುಮ್ನೆ ಲೆಕ್ಕ ಕಟ್ಟಬೇಡಿ, 3 ಸಲ ಹೊಸ ನಂಬರ್ ಬರದಿದ್ದರೆ ನಿಲ್ಲಿಸಿ.

ನಾನಾಗಿದ್ದರೆ ಮೊದಲು ಇನ್‌ಸ್ಪೆಕ್ಟ್‌ನ ನೆಟ್‌ವರ್ಕ್ ಟ್ಯಾಬ್ ನೋಡುತ್ತಿದ್ದೆ. ಸರ್ವರ್ ಕಳಿಸುವ ಜೇಸನ್ ಡೇಟಾದಲ್ಲಿ 612ಕ್ಕೆ 612 ಒಟ್ಟಿಗೇ ಬರುತ್ತಿದ್ದರೆ ಈ ಸರ್ಕಸ್ಸೇ ಬೇಡ, ಅಲ್ವಾ?

ಬಾಗಲಕೋಟೆ
ನೋಡಿದೆ, 50-50 ಆಗಿ ಬರುತ್ತಿತ್ತು. ಸ್ಕ್ರಾಲೇ ಇರಲಿ ಅಂತ ಬಿಟ್ಟೆ. 609 ಬಂದವು. ಉಳಿದ ಮೂರು ಎಲ್ಲಿ ಅಂತ ರಾತ್ರಿ ಹನ್ನೊಂದರವರೆಗೆ ಸ್ಕ್ರಿಪ್ಟ್ ಜಾಲಾಡಿದೆ. ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದರೆ, ಚೀಟಿ ಮುಗಿದಿತ್ತಂತೆ, ಮೂರು ಸೀರೆಗೆ ಹಳೆಯ ನಂಬರೇ ಹಾಕಿದ್ದಾರೆ!

ಬೆಳಗಾವಿ
ಹಾಗಾದರೆ ಒಂದರ ಮೇಲೊಂದು ಕೂತುಬಿಟ್ಟಿವೆ. ಸಾಲಿನಲ್ಲಿ ಡೇಟಾ-ಇಂಡೆಕ್ಸ್ (ಸಾಲಿನ ಕ್ರಮಸಂಖ್ಯೆ) ಇದ್ದರೆ ಅದನ್ನೇ ಕೀ ಮಾಡಿ.

ಬಾಗಲಕೋಟೆ
ಇತ್ತು. 612.